ಇಳಿಯುವ ವಿದ್ಯೆ

ಪಾರಿವಾಳ ಅಂದರೆ ನಮ್ಮ ಅವ್ವನಿಗೆ ಆಗುತ್ತಿರಲಿಲ್ಲ. ಪಡಸಾಲೆಯ ಜಂತಿಯ ಮೇಲೆ ಒಂದು ಬಂದು ಕುಳಿತರೂ ಸಾಕು, ಕಸಬರಿಗೆ ಹಿಡಿದು ಓಡಿಸುವಳು. ಅದು ಹೊಕ್ಕ ಮನೆ ಹಾಳಾಗುತ್ತದೆ ಎಂಬುದು ಅವಳ ನಂಬಿಕೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಕಪೋತವನ್ನು ನಿರ್ಋತಿಯ ದೂತನೆಂದು ಕರೆದು, ಮನೆಗೆ ಕೇಡು ತಾರದಿರಲೆಂದು ಬೇಡಿಕೊಂಡ ಸೂಕ್ತವೊಂದಿದೆ ಎಂದು ಬಹಳ ವರ್ಷಗಳ ಮೇಲೆ ಓದಿದಾಗ ನನಗೆ ನಗು ಬಂತು. ಅಕ್ಷರ ಬಾರದ ಅವ್ವ ಕಸಬರಿಗೆ ಹಿಡಿದುಕೊಂಡೇ ವೇದವನ್ನು ಪಾಲಿಸುತ್ತಿದ್ದಳಲ್ಲ! ಅದೇ ಅವ್ವ ಶಿಬಿ ಚಕ್ರವರ್ತಿಯ ಕಥೆ ಹೇಳುವಾಗ ಮಾತ್ರ ಪಾರಿವಾಳದ ಪರವಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯ ಮಾಳಿಗೆಯ ಮೇಲೆ ಚಾಚಾ ಪಾರಿವಾಳ ಸಾಕಿದ್ದರು. ಸಂಜೆ ಅವನ್ನು ಹಾರಿಬಿಟ್ಟರೆಂದರೆ ನಾವು ಹುಡುಗಿಯರು ಪಾಠ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆವು. ಗುಂಪು ಮೇಲೆ ಮೇಲೆ ಏರಿ, ಕೆಲವು ಹಕ್ಕಿಗಳು ಇದ್ದಕ್ಕಿದ್ದಂತೆ ಹಿಂದಕ್ಕೆ ಲಾಗ ಹಾಕುತ್ತ ಉಂಡೆಯಂತೆ ಉರುಳುತ್ತಿದ್ದವು. ಬಿದ್ದೇ ಹೋಯಿತು ಅನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿ ಮತ್ತೆ ಗುಂಪು ಸೇರುತ್ತಿದ್ದವು.

"ಇಷ್ಟು ಛಲೋ ಲಾಗ ಹೆಂಗ ಕಲಿಸೀರಿ ಚಾಚಾ?" ಎಂದು ನಾನೊಮ್ಮೆ ಕೇಳಿದ್ದೆ.

"ಅದನ್ನ ಯಾರೂ ಕಲಸಾಕ ಆಗೂದಿಲ್ಲವಾ. ಅದು ಅವುಗಳ ರಕ್ತದಾಗ ಐತಿ. ನಾವು ಕಲಸೂದು ಇಳಿಯೂದಷ್ಟ" ಎಂದಿದ್ದರು.

ಇದೇ ಮಾತನ್ನು ಡಾರ್ವಿನ್ 1859ರಲ್ಲಿ ತನ್ನ ಜಗತ್ಪ್ರಸಿದ್ಧ ಗ್ರಂಥದಲ್ಲಿ ಹೇಳಿದ್ದಾನೆಂದು ಚಾಚಾಗೆ ಎಲ್ಲಿ ಗೊತ್ತಿರಬೇಕು! ಇನ್ನೊಂದು ಹಕ್ಕಿ ಲಾಗ ಹಾಕುವುದನ್ನು ಒಮ್ಮೆಯೂ ನೋಡದ ಮರಿಯೂ ಲಾಗ ಹಾಕುತ್ತದೆ. ಅದನ್ನು ಕಲಿಸಬೇಕೆಂದು ಯಾರಿಗೂ ಹೊಳೆದಿರಲಾರದು, ಕಲಿಸಲೂ ಆಗಲಾರದು ಎನ್ನುತ್ತಾನೆ ಅವನು. ಎಂದೋ ಒಂದು ಹಕ್ಕಿಗೆ ಆ ಚಾಳಿ ಹುಟ್ಟಿನಿಂದಲೇ ಬಂದಿರಬೇಕು. ಅಂಥವನ್ನೇ ಆರಿಸಿ ತಲೆತಲಾಂತರ ಮರಿ ಮಾಡಿಸಿದ್ದು ಮಾತ್ರ ಮನುಷ್ಯ.

ಡಾರ್ವಿನ್ ಸ್ವತಃ ಪಾರಿವಾಳ ಸಾಕಿದ್ದ. ದೇಶದೇಶಗಳಿಂದ ಅವುಗಳ ತೊಗಲುಗಳನ್ನೂ ತರಿಸಿಕೊಂಡಿದ್ದ. ಇಂಡಿಯಾದಿಂದ ಕಳಿಸಿಕೊಟ್ಟವನೆಂದು ಅವನು ನೆನೆಯುವ ಹೆಸರು ವಾಲ್ಟರ್ ಎಲಿಯಟ್. ಈ ಎಲಿಯಟ್ ನಮಗೆ ಹೊರಗಿನವನಲ್ಲ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಸೆರೆಗೆ ಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬ. ಆಗ ಅವನಿಗೆ ಇಪ್ಪತ್ತೊಂದರ ಆಸುಪಾಸು. ಚೆನ್ನಮ್ಮ ಆ ಸೆರೆಯಾಳುಗಳನ್ನು ಜೀವಸಹಿತ ಬಿಟ್ಟುಕೊಟ್ಟಳು. ಕಂಪನಿ ಸರಕಾರ ಅವಳನ್ನು ಬಿಡಲಿಲ್ಲ. 1829ರಲ್ಲಿ ಬೈಲಹೊಂಗಲದ ಬಂಧನದಲ್ಲೇ ಅವಳು ತೀರಿಕೊಂಡಳು. ಬಿಡುಗಡೆಯಾದ ಎಲಿಯಟ್ ಮುಂದೆ ನಮ್ಮ ನಾಡಿನ ಶಾಸನಗಳನ್ನು ನೂರುಗಟ್ಟಲೆ ನಕಲು ಮಾಡಿಸಿದ, ಮದರಾಸಿಗೆ ಹೋದ, ಡಾರ್ವಿನ್ನನಿಗೆ ಪಾರಿವಾಳ ಒದಗಿಸಿದ. ಚೆನ್ನಮ್ಮ ಅಂದು ಬೇರೆ ಮನಸ್ಸು ಮಾಡಿದ್ದರೆ ಆ ಗ್ರಂಥದಲ್ಲಿ ಒಂದು ಹೆಸರು ಕಡಿಮೆಯಾಗುತ್ತಿತ್ತು.

ಅದೇ ಗ್ರಂಥದಲ್ಲಿ ಡಾರ್ವಿನ್ ಅಕ್ಬರನನ್ನೂ ನೆನೆಯುತ್ತಾನೆ. ಪಾರಿವಾಳದ ಹುಚ್ಚು ಮೊಗಲರ ಮನೆತನಕ್ಕೆ ಹಳೆಯದು. ಬಾಬರನ ತಂದೆ ಉಮರ್ ಶೇಖ್ ಮಿರ್ಜಾ ಸತ್ತದ್ದೇ ಪಾರಿವಾಳದ ಗೂಡಿನೊಂದಿಗೆ. 1494ರಲ್ಲಿ, ಫರ್ಗಾನಾದ ಅಖ್ಸಿ ಕೋಟೆಯಲ್ಲಿ, ಕಮರಿಯ ಅಂಚಿಗೆ ಕಟ್ಟಿದ್ದ ಗೂಡುಮನೆ ಕುಸಿದು, ಹಕ್ಕಿಗಳ ಜೊತೆ ಅವನೂ ಕೆಳಗೆ ಹೋದ. ಹಕ್ಕಿಗಳಿಗೆ ರೆಕ್ಕೆ ಇತ್ತು, ಅವನಿಗೆ ಇರಲಿಲ್ಲ. ಹನ್ನೆರಡು ವರ್ಷವೂ ತುಂಬದ ಬಾಬರ ಪಟ್ಟವೇರಿದ.

ಅಕ್ಬರ ಈ ಆಟಕ್ಕೆ 'ಇಷ್ಕ್‌ಬಾಜಿ', ಅಂದರೆ ಪ್ರೇಮದಾಟ, ಎಂದು ಹೆಸರಿಟ್ಟಿದ್ದ. ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಇದಕ್ಕಾಗಿ ಒಂದು ಪ್ರಕರಣವನ್ನೇ ಬರೆದಿದ್ದಾನೆ. ಅರಮನೆಯಲ್ಲಿ 20,000ಕ್ಕೂ ಮೇಲ್ಪಟ್ಟು ಪಾರಿವಾಳಗಳಿದ್ದವಂತೆ. ಅವುಗಳಲ್ಲಿ 500 ಬಾದಶಹನ ಖಾಸಾ ಹಕ್ಕಿಗಳು. ಗಾಲಿಯಂತೆ ಸುತ್ತುವುದಕ್ಕೆ 'ಚರ್ಖ್' ಎಂದೂ, ಬೆನ್ನಡಿಯಾಗಿ ಲಾಗ ಹಾಕುವುದಕ್ಕೆ 'ಬಾಜಿ' ಎಂದೂ ಹೆಸರು. ಖಾಸಾ ಹಕ್ಕಿ 15 ಚರ್ಖ್, 70 ಬಾಜಿ ಹೊಡೆಯುತ್ತಿತ್ತು. ನನಗೆ ಬಹಳ ಹಿಡಿಸಿದ್ದು ಬೇರೊಂದು ಸಂಗತಿ. ಬಾದಶಹನ ದಂಡು ಬಿಡಾರ ಕಿತ್ತು ಹೊರಟಾಗ ಬೋಯಿಗಳು ಗೂಡುಗಳನ್ನು ಹೊತ್ತು ನಡೆಯುತ್ತಿದ್ದರು, ಮೇಲೆ ಹಕ್ಕಿಗಳು ಹಿಂಬಾಲಿಸುತ್ತಿದ್ದವು. ನಡುನಡುವೆ ಇಳಿದು ದಣಿವಾರಿಸಿಕೊಂಡು ಮತ್ತೆ ಏರುತ್ತಿದ್ದವು. ಗಂಡನಿಗೆ ವರ್ಗವಾದಾಗಲೆಲ್ಲ ಪಾತ್ರೆ ಪಡಗ ಕಟ್ಟಿಕೊಂಡು ಊರೂರು ತಿರುಗಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಳಿಯುವುದನ್ನು ಕಲಿಸುವ ಬಗೆ ಸರಳ, ಸ್ವಲ್ಪ ಕಠೋರ. ತಾನೇ ಕಾಳು ತಿನ್ನಲು ಕಲಿತ ಮರಿಯನ್ನು ಮಾಳಿಗೆಯ ಮೇಲೆ ಜಾಳಿಗೆಯ ಪಂಜರದಲ್ಲಿಟ್ಟು ಸುತ್ತಲ ದಿಕ್ಕು, ಮನೆಯ ಮಾಡು ಎಲ್ಲ ಪರಿಚಯ ಮಾಡಿಸುತ್ತಾರೆ. ದಿನವೂ ಕಾಳು ಹಾಕುವ ಮೊದಲು ಒಂದೇ ಬಗೆಯ ಸಿಳ್ಳು, ಒಂದೇ ಬಗೆಯ ಡಬ್ಬಿಯ ಸಪ್ಪಳ. ಹಾರಿಬಿಡುವುದು ಯಾವಾಗಲೂ ಹಸಿದ ಹೊಟ್ಟೆಯಲ್ಲಿ, ಉಣ್ಣಿಸುವುದು ಇಳಿದ ಮೇಲೆ. ಹೊಟ್ಟೆ ತುಂಬಿದ ಹಕ್ಕಿ ಯಾರ ಮಾತನ್ನೂ ಕೇಳುವುದಿಲ್ಲ. ಜೊತೆಗೆ ಬೀಸಣಿಗೆ ಬಾಲದ ಒಂದೆರಡು ಬಿಳಿ ಲಕ್ಕಾ ಪಾರಿವಾಳಗಳನ್ನು ಮಾಳಿಗೆಯ ಮೇಲೆ ಬಿಡುವುದುಂಟು. ಅವು ಹೆಚ್ಚು ಹಾರವು. ಮೇಲಿನಿಂದ ಆ ಬಿಳುಪು ಕಂಡರೆ ಗುಂಪಿಗೆ ಊಟದ ಹೊತ್ತಾಯಿತೆಂದು ತಿಳಿಯುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಕಾರ್ಖಾನೆಯ ಕೆಲಸಗಾರರು ಮನೆಯ ಹಿತ್ತಲಲ್ಲಿ ಬೆಳೆಸಿದ ಉರುಳುವ ಪಾರಿವಾಳಗಳನ್ನು ಇಳಿಸುವುದೂ ಹೀಗೆಯೇ. ಅಬುಲ್ ಫಜಲ್ ಕೂಡ ಕಾಳಿನ ಲೆಕ್ಕ ಬಿಟ್ಟಿಲ್ಲ: ಬೇರೆ ಹಕ್ಕಿಗಳಿಗೆ ಏಳು ಧಾನ್ಯಗಳ ಬೆರಕೆ, ಹಾರುವ ಹಕ್ಕಿಗೆ ಬರೀ ಕಿರುಧಾನ್ಯ.

ನಿಪುಣರ ಹೆಸರುಗಳನ್ನೂ ಅವನು ಕೊಟ್ಟಿದ್ದಾನೆ: ಬುಖಾರಾದ ಕುಲ್ ಅಲಿ, ಸಮರಕಂದದ ಮಸ್ತಿ, ಹೀಗೆ. ಹೆಣ್ಣು ಹೆಸರು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಪಾರಿವಾಳದ ಜೊತೆ ಜನ ನೆನೆಯುವ ಹೆಣ್ಣೆಂದರೆ ನೂರ್‌ಜಹಾನ್ ಒಬ್ಬಳು. ಸಲೀಮ ಹಿಡಿದುಕೊಳ್ಳಲು ಕೊಟ್ಟ ಎರಡರಲ್ಲಿ ಒಂದು ಹಾರಿಹೋಯಿತು, ಹೇಗೆಂದು ಅವನು ಕೇಳಿದಾಗ 'ಹೀಗೆ' ಎಂದು ಇನ್ನೊಂದನ್ನೂ ಬಿಟ್ಟಳಂತೆ. ಅದು ಕಟ್ಟುಕಥೆ, ಇತಿಹಾಸವಲ್ಲ. ಅದರಲ್ಲೂ ಅವಳು ಹಕ್ಕಿ ಬಿಟ್ಟವಳೇ ಹೊರತು ಕರೆದವಳಲ್ಲ.

ಇದನ್ನು ಓದುವಾಗ ನನಗೆ ಚಾಚಿಯ ನೆನಪಾಗದೆ ಇರಲಿಲ್ಲ. ಚಾಚಾ ಹಾಸಿಗೆ ಹಿಡಿದ ವರ್ಷ ಅವರ ಮಗ ಒಂದು ಸಂಜೆ ಹಕ್ಕಿ ಹಾರಿಸಿದ. ಹೊತ್ತು ಮುಳುಗುತ್ತ ಬಂತು. ಅವನು ಅಪ್ಪನಂತೆಯೇ ಸಿಳ್ಳು ಹಾಕಿದ, ಬಟ್ಟೆ ಕಟ್ಟಿದ ಗಳ ಬೀಸಿದ. ಒಂದೂ ಇಳಿಯಲೊಲ್ಲದು. ಆಗ ಚಾಚಿ ಅಡುಗೆಮನೆಯಿಂದ ಮೇಲೆ ಬಂದರು. ಮಾಳಿಗೆಯ ಮೇಲೆ ನಿಂತ ಅವರನ್ನು ನಾನು ಕಂಡದ್ದು ಅದೇ ಮೊದಲು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಡಬ್ಬಿಯಲ್ಲಿಯ ಜೋಳ ಅಲ್ಲಾಡಿಸಿದರು, ಅಷ್ಟೇ. ಗುಂಪಿಗೆ ಗುಂಪೇ ಸುತ್ತುತ್ತ ಇಳಿದು ಅವರ ಕಾಲ ಸುತ್ತ ನೆರೆಯಿತು. ಇಷ್ಟು ವರ್ಷ ಸಿಳ್ಳು ಚಾಚಾದು, ಡಬ್ಬಿ ಚಾಚಿಯದು. ಮೆಟ್ಟಿಲ ಬಾಗಿಲ ಮರೆಯಲ್ಲಿ ಕೂತು ಸಪ್ಪಳ ಮಾಡಿದವರು ಅವರೇ ಎಂಬುದು ಓಣಿಗೆ ಅಂದು ತಿಳಿಯಿತು.

ಚಾಚಾ ಹೋದ ಮೇಲೆ ಮಗ ಹಕ್ಕಿಗಳನ್ನೆಲ್ಲ ಊರ ಆಚೆ ತುದಿಯ ಒಬ್ಬರಿಗೆ ಮಾರಿದ. ವಾರದೊಳಗೆ ಎರಡು ತಿರುಗಿ ಬಂದು ಅದೇ ಮಾಳಿಗೆಯ ಮೇಲೆ ಕುಳಿತವು. ಮನೆಯಲ್ಲಿ ಆಗ ಮನುಷ್ಯರಿಗೇ ಕಾಳು ಸಾಲದ ದಿನಗಳು. ಚಾಚಿ ಖಾಲಿ ಡಬ್ಬಿ ಹಿಡಿದು ಸುಮ್ಮನೆ ನಿಂತದ್ದನ್ನು ಅವ್ವ ಹಿತ್ತಲಿಂದ ನೋಡಿದಳು. ನನಗೇನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಸೇರು ಜೋಳ ಅಳೆದು, ಸೆರಗಿನ ಮರೆಯಲ್ಲಿಟ್ಟುಕೊಂಡು, ಹಿಂಬಾಗಿಲಿಂದ ಹೋದಳು.

ಸ್ವಲ್ಪ ಹೊತ್ತಿಗೆ ಡಬ್ಬಿಯ ಸಪ್ಪಳ ಕೇಳಿಸಿತು.