ಜೇಡಿಮಣ್ಣು, ನೀರು, ಅಂತಸ್ತು: ಮಧ್ಯಯುಗದ ಇಂಗ್ಲೆಂಡಿನ ಕಂದಕದ ಮನೆಗಳು

ಸುತ್ತ ನೀರಿನ ಕಂದಕ, ನಡುವೆ ಮನೆ, ಕಣಜ, ಕೊಟ್ಟಿಗೆ: ಇಂಥ ಮಧ್ಯಯುಗದ ನೆಲೆಗಳು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ 5,000ಕ್ಕೂ ಹೆಚ್ಚು ಗುರುತಾಗಿವೆ. ಬಹುಪಾಲು 1250ರಿಂದ 1350ರೊಳಗೆ ತೋಡಿದವು. ಇವನ್ನು ಕಿರುಕೋಟೆಗಳೆಂದು ಕರೆಯುವ ರೂಢಿಯನ್ನು ನೆಲದ ಸಾಕ್ಷ್ಯ ಅಷ್ಟಾಗಿ ಬೆಂಬಲಿಸುವುದಿಲ್ಲ.

ಯುದ್ಧಭಯ ನಿತ್ಯವಿದ್ದ ಸ್ಕಾಟ್ಲೆಂಡ್ ಗಡಿಯಲ್ಲಿ ಇವು ವಿರಳ. ದಟ್ಟವಾಗಿರುವುದು ಸಫೋಕ್, ಎಸೆಕ್ಸ್‌ಗಳಲ್ಲಿ, ಹಿಮನದಿಗಳು ಜೇಡಿಮಣ್ಣು ಹರಡಿಹೋದ ಬಯಲಿನಲ್ಲಿ. ಆ ಮಣ್ಣಿನಲ್ಲಿ ತೋಡಿದ ಕಂದಕದ ನೀರು ಇಂಗುವುದಿಲ್ಲ. ಎಷ್ಟೋ ಕಡೆ ಅಗೆದ ಮಣ್ಣನ್ನು ಒಡ್ಡಾಗಿ ಏರಿಸದೆ ಒಳಗೇ ಹರಡಿ ಅಂಗಳ ಎತ್ತರಿಸಿದ್ದಾರೆ. ಮುತ್ತಿಗೆಯನ್ನು ಎದುರಿಸಬೇಕಾದವನು ಒಡ್ಡು ಬಿಡುತ್ತಿರಲಿಲ್ಲ. ಇದು ಮನೆಯ ನೆಲ ಒಣಗಿರಲೆಂದು ಮಾಡಿದ ಕೆಲಸ. ಮೀನು ಸಾಕಣೆಗೂ ಬೆಂಕಿ ಆರಿಸಲಿಕ್ಕೂ ನೀರು ಒದಗಿದ್ದು ಹೆಚ್ಚುವರಿ ಲಾಭ.

ತೋಡಿಸಿದವರು ಯಾರೆಂಬುದು ಇನ್ನೂ ಮುಖ್ಯ. ಗೋಡೆಗೆ ಕೋಟೆತೆನೆ ಕಟ್ಟಲು ಅರಸರಿಂದ ಪರವಾನಗಿ ಪಡೆಯುವ ಪದ್ಧತಿಯಿತ್ತು. ಕಂದಕಕ್ಕೆ ಆ ತೊಡಕಿರಲಿಲ್ಲ. ಹಾಗಾಗಿ ವಾರಿಕ್‌ಷೈರಿನ ಆರ್ಡೆನ್ ಸೀಮೆಯಲ್ಲಿ ಕಾಡು ಕಡಿದು ಹೊಲ ಮಾಡಿಕೊಂಡ ಸ್ವತಂತ್ರ ಹಿಡುವಳಿದಾರರೂ ಪ್ರಭುಗಳಂತೆ ಮನೆಸುತ್ತ ನೀರು ಹರಿಸಿದರು. 2010ರಲ್ಲಿ ಇತಿಹಾಸಕಾರ ಕಾಲಿನ್ ಪ್ಲ್ಯಾಟ್ ಕಂದಕ ತೋಡಿದ್ದೇಕೆ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಿ, ಕಳ್ಳಕಾಕರ ಭಯಕ್ಕೆ ಹೆಚ್ಚು ತೂಕ ಕೊಟ್ಟರು. 1315ರಿಂದ ಬೆಳೆ ಕೈಕೊಟ್ಟು ಮಹಾಕ್ಷಾಮ ಬಂದದ್ದನ್ನು ನೆನೆದರೆ ಆ ಮಾತನ್ನು ತಳ್ಳಿಹಾಕಲಾಗದು. ಆದರೂ ರಾತ್ರಿಯ ಕಳ್ಳನನ್ನು ತಡೆಯುವುದು ಬೇರೆ, ಸೈನ್ಯವನ್ನು ತಡೆಯುವುದು ಬೇರೆ. ನನ್ನ ದೃಷ್ಟಿಯಲ್ಲಿ ಅಂತಸ್ತಿನ ಹಂಬಲವೇ ಮೊದಲ ಪ್ರೇರಣೆ. ಕಾವಲು ಅದರ ಜೊತೆಗೆ ಬಂದದ್ದು.

1978ರಲ್ಲಿ ಎಫ್. ಎ. ಆಬರ್ಗ್ ಸಂಪಾದಿಸಿದ ಪ್ರಬಂಧ ಸಂಪುಟ ಈ ಅಧ್ಯಯನಕ್ಕೆ ಅಡಿಪಾಯ ಹಾಕಿತು. ಆದರೆ ನಡುದಿಬ್ಬದ ಮೇಲಿನ ಮನೆಯಷ್ಟೇ ಗಮನ ಕಂದಕದ ಕೆಸರಿಗೂ ಸಲ್ಲಬೇಕು. ಬರ್ಮಿಂಗ್‌ಹ್ಯಾಮಿನ ವೀಲಿ ಕ್ಯಾಸಲ್ ಎಂಬ ಕಂದಕದ ನೆಲೆಯಲ್ಲಿ 13ನೇ ಶತಮಾನದ ಮರದ ಅಡುಗೆಮನೆಯೊಂದರ ಹಲಗೆಗೋಡೆಗಳ ಬುಡ ನೆಲದ ತೇವದಿಂದಾಗಿಯೇ ಉಳಿದಿತ್ತು. ಕಲ್ಲಿನ ಅಡಿಪಾಯ ಮನೆಯ ಅಳತೆಯನ್ನಷ್ಟೇ ಹೇಳೀತು. ಮನೆಯವರು ಏನು ತಿಂದರು, ಸುತ್ತ ಯಾವ ಗಿಡಮರಗಳಿದ್ದವು ಎಂಬುದನ್ನು ತಿಳಿಸುವ ಬೀಜ, ಪರಾಗ, ತೊಗಲಿನ ಚೂರುಗಳು ಇರುವುದು ಕಂದಕದ ಕೆಸರಿನಲ್ಲಿ. ಹೊಲದ ನೀರು ಬಸಿಯಲೆಂದು ಕೊಳವೆ ಹೂತು ಕಂದಕ ಒಣಗಿಸಿದರೆ ಅವು ಕೊಳೆತುಹೋಗುತ್ತವೆ. ಉಳುಮೆಗೆಂದು ಮುಚ್ಚಿಹೋದ ಕಂದಕಗಳು ಈಗಾಗಲೇ ಬಹಳ. ನೀರು ನಿಂತಿರುವವುಗಳ ಕೆಸರನ್ನಾದರೂ ತಡಮಾಡದೆ ಪರೀಕ್ಷೆಗೆ ಒಳಪಡಿಸಬೇಕು.