ಟಸ್ಕೀಗಿಯ ಹಾಡುಗಾರ

ಕ್ಯಾಸೆಟ್ ಸವೆಯುವಷ್ಟು ಅಮೆರಿಕದ ಗಾಯಕ ಲಯೊನಲ್ ರಿಚಿಯ ‘ಹಲೋ’ ಕೇಳಿದವನು ನಾನು. ಹಾಗಾಗಿ 2012ರಲ್ಲಿ ಅವನು ತನ್ನ ಹಳೆಯ ಹಾಡುಗಳನ್ನೇ ಹಳ್ಳಿಸೊಗಡಿನ ಕಂಟ್ರಿ ಸಂಗೀತದ ಗಾಯಕರ ಜೊತೆ ಮತ್ತೆ ಹಾಡಿ ‘ಟಸ್ಕೀಗಿ’ ಆಲ್ಬಂ ತಂದಾಗ ಮೂಗು ಮುರಿದೆ. ಅರವತ್ತು ದಾಟಿದ ಮೇಲೆ ಈ ವೇಷ ಯಾಕಪ್ಪಾ!

ತಪ್ಪು ನನ್ನದೇ. ಟಸ್ಕೀಗಿ ಅವನು ಹುಟ್ಟಿದೂರು. ಅಮೆರಿಕದ ದಕ್ಷಿಣದ ಅಲಬಾಮಾದಲ್ಲಿದೆ. ಕಪ್ಪು ಜನರ ನಾಯಕ ಬೂಕರ್ ಟಿ. ವಾಷಿಂಗ್ಟನ್ ಕಟ್ಟಿದ ವಿದ್ಯಾಸಂಸ್ಥೆಯ ಆವರಣದಲ್ಲೇ ಬೆಳೆದ ಹುಡುಗನ ಕಿವಿಗೆ ಚರ್ಚಿನ ಹಾಡೂ ಬಿತ್ತು, ಕಂಟ್ರಿಯೂ ಬಿತ್ತು. ತನ್ನ ‘ಕಮೊಡೋರ್ಸ್’ ತಂಡಕ್ಕೆ ಬರೆದ ‘ಸೇಲ್ ಆನ್’ ಕೇಳಿ, ಹಳ್ಳಿದಾರಿಯ ಧೂಳು ಆಗಲೇ ಅದರಲ್ಲಿದೆ. 1980ರಲ್ಲಿ ಕಂಟ್ರಿ ಗಾಯಕ ಕೆನ್ನಿ ರೋಜರ್ಸ್‌ಗೆ ‘ಲೇಡಿ’ ಬರೆದುಕೊಟ್ಟವನೂ ಇವನೇ. ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಆರು ವಾರ ಕೂತಿತ್ತು.

ರಿಚಿಯಂಥ ಕಪ್ಪು ಗಾಯಕರು ಕಂಟ್ರಿಯ ಹಾದಿ ತುಳಿದದ್ದು ಹೊಸದೂ ಅಲ್ಲ. ರೇ ಚಾರ್ಲ್ಸ್ 1962ರಲ್ಲೇ ಕಂಟ್ರಿ ಹಾಡುಗಳ ಆಲ್ಬಂ ಮಾಡಿ ಗೆದ್ದಿದ್ದ. ಕಂಟ್ರಿಯ ಗುರುತೇ ಆಗಿರುವ ಬ್ಯಾಂಜೊ ಕೂಡ ಆಫ್ರಿಕಾದಿಂದ ಬಂದ ಗುಲಾಮರ ವಾದ್ಯ ತಾನೆ?

‘ಟಸ್ಕೀಗಿ’ಯಲ್ಲಿ ವಿಲ್ಲಿ ನೆಲ್ಸನ್ ಜೊತೆಗಿನ ‘ಈಸಿ’ ನನಗೆ ಮೂಲಕ್ಕಿಂತ ಹಿಡಿಸಿತು. ಆಲ್ಬಂ ಬಿಲ್‌ಬೋರ್ಡಿನ ಮೊದಲ ಸ್ಥಾನಕ್ಕೇರಿತು.