ಎದೆನೋವಿಗೆಂದು ಹುಟ್ಟಿದ ಮಾತ್ರೆ

ನಮ್ಮ ದೆಹಲಿಯ ಓಲ್ಡ್ ರಾಜಿಂದರ್ ನಗರ ದೇಶವಿಭಜನೆಯ ನಂತರ ಬಂದ ನಿರಾಶ್ರಿತರಿಗಾಗಿ ಎದ್ದ ಬಡಾವಣೆ. 1921ರಲ್ಲಿ ಲಾಹೋರಿನಲ್ಲಿ ಆರಂಭವಾಗಿದ್ದ ಸರ್ ಗಂಗಾರಾಂ ಆಸ್ಪತ್ರೆ ಇಲ್ಲಿ ಮರುಹುಟ್ಟು ಪಡೆದು, 1954ರ ಏಪ್ರಿಲ್ 13ರಂದು ಪಂಡಿತ ನೆಹರೂ ಅವರಿಂದ ಉದ್ಘಾಟನೆಗೊಂಡಿತು. ಅದೇ ತಿಂಗಳು, ಗಂಡಸುತನ ಹೆಚ್ಚಿಸುವ ಔಷಧಿಯೆಂದು ಜಾಹೀರಾತು ಕೊಡುವುದನ್ನು ನಿಷೇಧಿಸುವ ಕಾಯಿದೆಯೂ ಆಯಿತು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಿಬರುವ ನಾವು ಹಳಿಯ ಪಕ್ಕದ ಗೋಡೆಬರಹಗಳನ್ನು ಓದಿದರೆ ಅಂಥ ಕಾಯಿದೆಯೊಂದು ಇದೆಯೆಂದೇ ತೋರದು!

ಆ ಗೋಡೆಗಳ ಹಕೀಮರಿಗೆ ನಿಜವಾದ ಪೈಪೋಟಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಫೈಜರ್ ಕಂಪನಿಯವರು ಎದೆನೋವಿಗೆಂದು ಸಿಲ್ಡೆನಾಫಿಲ್ ತಯಾರಿಸಿದರು. ಎದೆನೋವಿಗೆ ಅದು ಅಷ್ಟೇನೂ ಒದಗಲಿಲ್ಲ. ಪ್ರಯೋಗಕ್ಕೆ ಒಳಗಾದ ಗಂಡಸರು ಮಾತ್ರ ಬೇರೊಂದು ಪರಿಣಾಮವನ್ನು ತಿಳಿಸಿದರು. 1998ರ ಮಾರ್ಚ್ 27ರಂದು ಅಮೆರಿಕ ಅದನ್ನು ವಯಾಗ್ರ ಎಂಬ ಹೆಸರಿನಲ್ಲಿ ನಿಮಿರು ದೌರ್ಬಲ್ಯಕ್ಕೆ ಒಪ್ಪಿತು. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧ ತಯಾರಿಸುವ ವಿಧಾನಕ್ಕಷ್ಟೇ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕಲ್ಲ. ಹೀಗಾಗಿ 2001ರಲ್ಲೇ ಪೆನೆಗ್ರ, ಕ್ಯಾವರ್ಟಾ ಎಂಬ ಅಗ್ಗದ ದೇಶೀ ಮಾತ್ರೆಗಳು ಬಂದವು. ಮೂಲ ವಯಾಗ್ರ ಇಲ್ಲಿ ಕಾಲಿಟ್ಟದ್ದು 2005ರ ಕೊನೆಗೆ.

ಅಗ್ಗವಾದದ್ದು ಒಳ್ಳೆಯದೇ. ಆದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಮಾತ್ರೆಯನ್ನು ಸಂಕೋಚದಿಂದ ಪಿಸುಮಾತಿನಲ್ಲಿ ಕೊಳ್ಳುವವರುಂಟು, ಅಪಾಯವಿರುವುದು ಅಲ್ಲಿಯೇ. ಹುಟ್ಟಿನ ನಂಟು ಅದನ್ನು ಬಿಟ್ಟಿಲ್ಲ. ಎದೆನೋವು ಬಂದಾಗ ನಾಲಿಗೆಯಡಿ ಇಡುವ ಸಾರ್ಬಿಟ್ರೇಟಿನಂಥ ನೈಟ್ರೇಟ್ ಮಾತ್ರೆಯೂ, ಸಿಲ್ಡೆನಾಫಿಲ್ಲೂ ರಕ್ತನಾಳಗಳನ್ನು ಸಡಿಲಿಸುವುದು ಒಂದೇ ದಾರಿಯಲ್ಲಿ. ಎರಡೂ ಕೂಡಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೇ ಬರಬಹುದು. ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೊಡನೆಯೂ ಎಚ್ಚರ ಬೇಕು.

ನಮ್ಮಂಥ ವಲಸಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಹೃದಯದ ವೈದ್ಯರು ಊರಿನಲ್ಲಿ, ಸಕ್ಕರೆ ಕಾಯಿಲೆಯವರು ದೆಹಲಿಯಲ್ಲಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದು. ಹೋಗುವಾಗ ಎಲ್ಲ ಚೀಟಿಗಳನ್ನೂ ಒಯ್ಯಬೇಕು. ಈ ದೌರ್ಬಲ್ಯವೇ ಕೆಲವೊಮ್ಮೆ ಸಕ್ಕರೆ ಕಾಯಿಲೆಯ, ಹೃದ್ರೋಗದ ಮುನ್ಸೂಚನೆಯಾಗಿರುವುದರಿಂದ, ತಪಾಸಣೆಯಿಲ್ಲದೆ ಮಾತ್ರೆ ನುಂಗಿದವರು ಆ ಸೂಚನೆಯನ್ನೂ ನುಂಗಿದಂತೆ. ‘ಗಿಡಮೂಲಿಕೆ’ ಪುಡಿಗಳನ್ನೂ ನಂಬುವಂತಿಲ್ಲ. ಅವುಗಳಲ್ಲಿ ಇದೇ ಸಿಲ್ಡೆನಾಫಿಲ್ ಗುಟ್ಟಾಗಿ ಬೆರೆತದ್ದು ಅನೇಕ ಸಲ ಪತ್ತೆಯಾಗಿದೆ.

ಮಾತ್ರೆ ತೆಗೆದುಕೊಂಡ ಮೇಲೆ ಎದೆನೋವು ಬಂದರೆ, ಅಥವಾ ನಿಮಿರುವಿಕೆ ನಾಲ್ಕು ಗಂಟೆ ಮೀರಿದರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಯಾವ ಮಾತ್ರೆ, ಎಷ್ಟು ಹೊತ್ತಿಗೆ ನುಂಗಿದ್ದೆಂದು ಅಲ್ಲಿ ಮೊದಲು ಹೇಳಬೇಕು. ರೋಗಿಗೆ ಮಾತು ಹೊರಡದಿದ್ದರೆ ಹೇಳಬೇಕಾದವರು ಮನೆಯಾಕೆ. ಅವರಿಗೂ ಇದು ತಿಳಿದಿರಲಿ.